ಅಂಕಣದಲ್ಲಿ ಉಳಿದ ಬೀಜ

ನಾಲ್ಕನೆಯ ರೊಟ್ಟಿಯೂ ಅಂಚಿನಲ್ಲಿ ಸೀಳಿತು. ಮೆಹನಾಜ ಅದನ್ನು ಮುದ್ದೆ ಮಾಡಿ ಮತ್ತೆ ನಾದಿ, ಹಿಟ್ಟು ಉದುರಿಸಿ ಬಡಿಯತೊಡಗಿದಳು. ಹಿಟ್ಟಿನ ತಪ್ಪೇನೂ ಇರಲಿಲ್ಲ. ನೀರು ಚೆನ್ನಾಗಿ ಕುದ್ದಿತ್ತು, ಜೋಳವೂ ಹೊಸದು. ಅಂಗೈ ಬೀಳುತ್ತಿದ್ದ ರೀತಿಯೇ ಬೇರೆಯಾಗಿತ್ತು.

"ರೊಟ್ಟಿ ಬಡಿಯಾಕತ್ತೀಯೋ, ಯಾರನ್ನರ ಹೊಡಿಯಾಕತ್ತೀಯೋ?" ಒಲೆಯ ಆಚೆ ಬದಿಗೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ಚಮನಬಿ ಕೇಳಿದಳು.

ಮೆಹನಾಜ ಹಂಚಿನ ಕೆಳಗಿನ ಉರಿ ಸರಿಮಾಡಿದಳು. ಅವಳ ಕಿವಿ ಪಡಸಾಲೆಯಲ್ಲಿತ್ತು. ಅಲ್ಲಿ ಗಂಡ ಜಹೀರ ಫೋನಿನಲ್ಲಿ ಮಾತಾಡುತ್ತಿದ್ದ. ಮೆಣಸಿನಕಾಯಿ ವ್ಯಾಪಾರದವನ ದನಿ; ಮಾರುಕಟ್ಟೆಯ ಗದ್ದಲ ಇರಲಿ ಇಲ್ಲದಿರಲಿ ಒಂದೇ ಎತ್ತರದಲ್ಲಿರುತ್ತಿತ್ತು.

"ಹೌದ್ರಿ ಮಾಲತೇಶಪ್ಪಾರ, ನಿಮ್ಮ ಮಾತು ಖರೇ ಐತ್ರಿ. ಆಕಿ ಇನ್ನಾ ಸಣ್ಣ ವಯಸ್ಸಿನಾಕಿ, ಜವಾಬ್ದಾರಿ ಅನ್ನೂದು ಗೊತ್ತಿಲ್ಲ. ಇವತ್ತು ನನ್ನ ಮಗಳ ಕಾಲು ಮುರದೈತಿ, ನಾಳೆ ಮತ್ತೊಬ್ರ ಮಗಳದು ಮುರೀತೈತಿ. ಐತ್ವಾರ ಮೀಟಿಂಗಿನ್ಯಾಗ ಮುಗಿಸೇ ಬಿಡೂಣ್ರಿ. ಹುಡುಗ್ಯಾರ ಬಾಸ್ಕೆಟ್‌ಬಾಲ್ ಬಂದ್. ಆಕಿಗೂ ಬಿಡುಗಡೆ."

ಐದನೆಯ ರೊಟ್ಟಿ ಹಂಚಿಗೆ ಬಿತ್ತು. ಮೆಹನಾಜ ನೀರು ಸವರಿದಳು. ಬೆರಳು ಹಂಚಿಗೆ ತಾಗಿತು, ಸುಟ್ಟಿತು. ಅವಳು ಕೈ ಹಿಂದೆಗೆಯಲಿಲ್ಲ.

ಮಾಲತೇಶಪ್ಪ ಬ್ಯಾಡಗಿಯ ಆ ಹೈಸ್ಕೂಲಿನ ಆಡಳಿತ ಸಮಿತಿಯ ಅಧ್ಯಕ್ಷರು, ಜಹೀರ ಉಪಾಧ್ಯಕ್ಷ. ಬಿಡುಗಡೆಯಾಗಬೇಕಾದವಳು ಭುವನಾ. ರಾಣೆಬೆನ್ನೂರಿನಿಂದ ದಿನವೂ ಬೆಳಗಿನ ಮೊದಲ ಬಸ್ಸಿಗೆ ಬಂದು, ಹತ್ತು ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುವ ಇಪ್ಪತ್ತಾರರ ಹುಡುಗಿ. ಮುಂದಿನ ಬುಧವಾರ ಹಾವೇರಿಯಲ್ಲಿ ಜಿಲ್ಲಾ ತಂಡದ ಆಯ್ಕೆ. ರವಿವಾರ ಭುವನಾ ಹೋದರೆ, ಬುಧವಾರ ಹುಡುಗಿಯರನ್ನು ಹಾವೇರಿಗೆ ಕರೆದೊಯ್ಯುವವರು ಯಾರೂ ಇಲ್ಲ. ಅದಾದ ಮೇಲೆ ಅವರು ಮತ್ತೆ ಚೆಂಡು ಮುಟ್ಟುವುದೂ ಇಲ್ಲ. ಈ ಊರಿನಲ್ಲಿ ಹುಡುಗಿಯರದು ಒಂದು ಸಲ ನಿಂತರೆ ಮತ್ತೆ ಶುರುವಾಗುವುದು ಎಷ್ಟು ಕಷ್ಟ ಎಂಬುದು ಮೆಹನಾಜಳಿಗೆ ಗೊತ್ತಿತ್ತು. ಅವಳ ಓದು ಒಂಬತ್ತನೆಯ ತರಗತಿಗೆ ಹೀಗೇ, ಒಂದೇ ಒಂದು ವರ್ಷದ ಮಟ್ಟಿಗೆ ಎಂದು ನಿಂತಿತ್ತು.

ಮಗಳು ಬೇನಜೀರ ಒಳಕೋಣೆಯ ಮಂಚದ ಮೇಲೆ ಬಲಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದಳು. ಹದಿನಾಲ್ಕು ವರ್ಷ. ಅಲ್ಲಿಂದ ಟಪ್, ಟಪ್, ಟಪ್ ಎಂದು ಚೆಂಡಿನ ಸದ್ದು ಬರುತ್ತಿತ್ತು. ಕೂತಲ್ಲೇ ಮಂಚದ ಪಕ್ಕ ಎಡಗೈಯಿಂದ ಬಡಿಯುತ್ತಿದ್ದಳು.

ಎಡಗೈಯ ಕತೆ ಈ ಮನೆಯಲ್ಲಿ ದೊಡ್ಡದು. ಎರಡು ವರ್ಷದ ಹಿಂದೆ ಬೇನಜೀರ ಆಟಕ್ಕೆ ಸೇರಿದ ಹೊಸದರಲ್ಲಿ ಭುವನಾ ಎಲ್ಲರಿಗೂ ಹೇಳಿದ್ದಳಂತೆ: ಬಲಗೈ ಒಂದೇ ಬಳಸುವವಳನ್ನು ಎದುರಾಳಿ ಸುಲಭವಾಗಿ ಹಿಡಿಯುತ್ತಾಳೆ, ಮನೆಯಲ್ಲಿ ದಿನಕ್ಕೊಂದು ಕೆಲಸ ಎಡಗೈಯಿಂದ ಮಾಡಿ ಎಂದು. ಮಾರನೆಯ ದಿನ ಬೇನಜೀರ ಎಡಗೈಯಿಂದ ರೊಟ್ಟಿ ಬಡಿಯಲು ಕೂತಳು. ಚಮನಬಿ ಮನೆ ತಲೆಕೆಳಗಾದಂತೆ ಕೂಗಾಡಿದಳು. "ಎಡಗೈಲೆ ಅನ್ನ ಮುಟ್ಟತಾಳ! ಇದೆಂಥಾ ಆಟನೋ ಏನೋ, ನಾಳೆ ಕಾಲಿಲೆ ಚಾ ಸೋಸು ಅಂತಾಳ ಆ ಟೀಚರ್!" ಕೊನೆಗೆ ರಾಜಿಯಾಯಿತು. ಕಸ ಗುಡಿಸುವುದು, ಕದದ ಚಿಲಕ, ಕೊಡ ತುಂಬುವುದು ಎಡಗೈಗೆ. ತಿನ್ನುವ ವಸ್ತು ಬಲಗೈಗೆ. ಆರು ತಿಂಗಳಾಗುವಷ್ಟರಲ್ಲಿ ಚಮನಬಿಯೇ ನೆರೆಯವರಿಗೆ ಹೇಳಿಕೊಳ್ಳತೊಡಗಿದಳು: "ನಮ್ಮ ಹುಡುಗಿ ಎರಡೂ ಕೈಲೆ ಗುಡಸ್ತಾಳವಾ, ಅರ್ಧಾ ತಾಸಿನ ಕೆಲಸ ಹತ್ತು ನಿಮಿಷಕ್ಕ."

ಅದಕ್ಕೆ ಮೊದಲು ಈ ಹುಡುಗಿ ಹೇಗಿದ್ದಳೆಂದು ನೆನೆದರೆ ಮೆಹನಾಜಳಿಗೆ ನಗು ಬರುತ್ತಿತ್ತು. ಉಂಡ ತಟ್ಟೆ ಉಂಡಲ್ಲೇ. ಎಂಟು ಗಂಟೆಗೆ ಮೂರು ಸಲ ಕರೆದರೆ ಒಂದು ಕಣ್ಣು. ಎಡವಿ ಬಿದ್ದರೆ ಹೊಸ್ತಿಲಿನ ತಪ್ಪು, ಅಂಕ ಕಡಿಮೆಯಾದರೆ ಮಾಸ್ತರರ ತಪ್ಪು. ಈಗ ಐದಕ್ಕೆ ತಾನೇ ಏಳುತ್ತಿದ್ದಳು. ತನ್ನ ಕಾಲುಚೀಲ ತಾನೇ ಒಗೆಯುತ್ತಿದ್ದಳು. ಭುವನಾಳ ನಿಯಮಗಳು ಹಾಗಿದ್ದವು: ಆಟಕ್ಕೆ ಹತ್ತು ನಿಮಿಷ ಮೊದಲೇ ಹೋಗಿ ಎಲ್ಲರೂ ಸೇರಿ ಅಂಕಣ ಗುಡಿಸಬೇಕು, ಬೂಟು ಸಾಲಾಗಿ ಇಡಬೇಕು. ಹಾರಿದ ಮೇಲೆ ಮೊಣಕಾಲು ಬಾಗಿಸಿ ಇಳಿಯಬೇಕು, ಓಡುವುದಕ್ಕಿಂತ ಮೊದಲು ನಿಲ್ಲುವುದನ್ನು ಕಲಿಯಬೇಕು. ಇವೆಲ್ಲಕ್ಕಿಂತ ಭುವನಾ ಗಟ್ಟಿಯಾಗಿ ಹಿಡಿದದ್ದು ಇನ್ನೊಂದು ನಿಯಮ. ತಪ್ಪು ಮಾಡಿದವಳು ಸೀಟಿ ಊದುವವರೆಗೆ ಕಾಯದೆ ತಾನೇ ಕೈ ಎತ್ತಬೇಕು. ಯಾರೂ ನೋಡದಿದ್ದರೂ ಎತ್ತಬೇಕು.

ಒಂದು ಸಲ ತುಪ್ಪದ ಭರಣಿ ಒಡೆದಾಗ ಬೇನಜೀರ ಅಡುಗೆಮನೆಯ ನಡುವೆ ನಿಂತು ಕೈ ಎತ್ತಿದ್ದಳು. ಚಮನಬಿ ಬೈಯಲು ತೆರೆದ ಬಾಯಿ ಹಾಗೇ ತೆರೆದಿತ್ತು.

ಇವನ್ನೆಲ್ಲ ಜಹೀರನೂ ಕಂಡಿದ್ದ. ಕಂಡದ್ದಷ್ಟೇ ಅಲ್ಲ, ಹೋದ ವರ್ಷದ ಕ್ರೀಡಾದಿನದಂದು ವೇದಿಕೆಯ ಮೇಲೆ ಶಾಲು ಹೊದ್ದು ಅದನ್ನೇ ಭಾಷಣ ಮಾಡಿದ್ದ. ಆಟದಿಂದ ಮಕ್ಕಳಿಗೆ ಶಿಸ್ತು ಬರುತ್ತದೆ, ನಡತೆ ಬರುತ್ತದೆ, ನಮ್ಮ ಮನೆಯೇ ಉದಾಹರಣೆ ಎಂದಿದ್ದ. ಚೆಂಡು ಹಾಕುವ ಬಳೆಗಳೆರಡನ್ನೂ ಅವನೇ ಕೊಡಿಸಿದ್ದು. ಬಳೆಯ ಹಿಂದಿನ ಹಲಗೆಯ ಮೇಲೆ ಅವನ ಹೆಸರು ಕೆಂಪು ಬಣ್ಣದಲ್ಲಿದೆ.

ಅದೇ ಹೆಸರಿನ ಕೆಳಗೆ ಒಂಬತ್ತು ದಿನ ಅವನ ಮೆಣಸಿನಕಾಯಿ ಒಣಗಿತು.

ಈ ಸಲ ಮಾಲು ವಿಪರೀತ ಬಂದಿತ್ತು. ಮಾರುಕಟ್ಟೆಯ ಅಂಗಳ ತುಂಬಿತ್ತು, ಕೋಲ್ಡ್ ಸ್ಟೋರೇಜಿನ ಮುಂದೆ ಲಾರಿಗಳ ಸಾಲು ನಿಂತಿತ್ತು. ಹಸಿ ಇದ್ದ ಮಾಲನ್ನು ಎಲ್ಲಾದರೂ ಹರವಲೇಬೇಕು, ಇಲ್ಲವಾದರೆ ಬಣ್ಣ ಹೋಗುತ್ತದೆ. ಶಾಲೆಯ ಮೈದಾನದ ಗೇಟಿನ ಕೀಲಿ ಉಪಾಧ್ಯಕ್ಷನ ಮನೆಯ ಗೋಡೆಗೇ ತೂಗುತ್ತಿತ್ತು. "ಎರಡ ದಿನಾ ಅಷ್ಟ" ಎಂದು ಒಯ್ದ. ನುಣುಪಾದ ಸಿಮೆಂಟಿನ ಅಂಕಣ ಒಂದು ಮುಂಜಾನೆಯೊಳಗೆ ಕೆಂಪಾಯಿತು. ಹುಡುಗಿಯರು ಬಂದು ಗೇಟಿನಲ್ಲಿ ನಿಂತು ಕೆಮ್ಮಿದರು.

ಭುವನಾ ಅವರನ್ನು ಸ್ಟೇಷನ್ ರಸ್ತೆಯಲ್ಲಿ ಓಡಿಸಿದಳು, ಗೋಡೆಗೆ ಚೆಂಡು ಹೊಡೆಸಿದಳು. ಐದನೆಯ ದಿನ ಮನೆಗೇ ಬಂದಳು. ಮೆಹನಾಜ ಚಹದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಸಾವಕಾರ್ರ, ಆಯ್ಕಿ ಹತ್ರ ಬಂತ್ರಿ. ಗ್ರೌಂಡು ಒಂಚೂರು ಖಾಲಿ ಮಾಡಿಸಿದ್ರ..."

"ನಾಳೆ ತಗಸ್ತೀನ್ರಿ ಟೀಚರ್. ಚಾ ಕುಡೀರಿ, ಚಾ ಕುಡೀರಿ."

ನಾಳೆ ಎನ್ನುವುದು ನಾಲ್ಕು ದಿನ ಹಿಡಿಯಿತು. ಆಗ ತಾನು ತಟ್ಟೆ ಹಿಡಿದು ಸುಮ್ಮನೆ ನಿಂತದ್ದು ಮೆಹನಾಜಳಿಗೆ ಈಗ ಉರಿಯುತ್ತಿತ್ತು. ಆದರೆ ಅದಕ್ಕಿಂತ ಹೆಚ್ಚು ಉರಿಯುವುದು ಇನ್ನೊಂದಿತ್ತು. ಅದನ್ನು ಅವಳು ಯಾರೊಂದಿಗೂ ಆಡಿರಲಿಲ್ಲ.

ರವಿವಾರ ಸಂಜೆ ಮಾಲು ಎತ್ತಿದರು. ಸೋಮವಾರ ಬೆಳಿಗ್ಗೆ ಮೆಹನಾಜ ತಾನೇ ಪೊರಕೆ ಹಿಡಿದು ಮಗಳ ಜೊತೆ ಹೋದಳು. ಹುಡುಗಿಯರೂ ಅವಳೂ ಕೂಡಿ ಗುಡಿಸಿದರು. ಕಾಯಿ, ತುಂಡು, ಧೂಳು ಎಲ್ಲ ಹೋಯಿತು. ಬೀಜ ಮಾತ್ರ ಅಲ್ಲಲ್ಲಿ ಉಳಿಯಿತು. ಮೆಣಸಿನ ಬೀಜ ತೆಳ್ಳಗೆ, ಸಿಮೆಂಟಿನದೇ ಬಣ್ಣ. ಒಮ್ಮೆ ಇಬ್ಬನಿ ಕುಡಿದು ಅಂಟಿಕೊಂಡರೆ ಪೊರಕೆಗೆ ಸಿಗುವುದಿಲ್ಲ.

ಭುವನಾ ಬೂಟಿನ ತುದಿಯಿಂದ ನೆಲ ಉಜ್ಜಿ ನೋಡಿದಳು. "ಇವತ್ತು ಬ್ಯಾಡ್ರಿ ಅಕ್ಕಾ. ತೊಳೆದು ಒಣಗಿಸಿ ನಾಳೆ ಆಡೂಣು."

"ಇನ್ನ ಒಂಬತ್ತ ದಿನಾ ಉಳದಾವು ಟೀಚರ್. ಒಂಬತ್ತು ದಿನಾ ಆಗಲೇ ಹಾಳಾತು." ಮೆಹನಾಜ ಚಪ್ಪಲಿ ಬಿಟ್ಟಳು. ಮೆಣಸಿನಕಾಯಿ ಹರವಿದ ನೆಲದ ಮೇಲೆ ಈ ಊರಿನವರು ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ಅವಳು ನಡೆಯಲು ಕಲಿತದ್ದೇ ಅಂಥ ನೆಲದ ಮೇಲೆ. ಬರಿಗಾಲಲ್ಲಿ ಈ ತುದಿಯಿಂದ ಆ ತುದಿಗೆ ದಡದಡ ನಡೆದು ತೋರಿಸಿದಳು. "ನೋಡ್ರಿ, ಎಲ್ಲಿ ಜಾರತೈತಿ? ನಾವು ಹುಟ್ಟಿದಾಗಿಂದ ಇದರಾಗ ಓಡ್ಯಾಡೇವಿ."

"ಕಾಲಿಗೆ ಅಲ್ರಿ ಅಕ್ಕಾ, ಬೂಟಿಗೆ..."

"ರಾಣೆಬೆನ್ನೂರವರಿಗೆ ಮೆಣಸಿನಕಾಯಿ ಏನ್ ಗೊತ್ತಾಗಬೇಕು? ನಾ ಹೇಳಾಕತ್ತೇನಿ, ಆಡಸ್ರಿ."

ಹುಡುಗಿಯರು ಕಿಸಕ್ಕನೆ ನಕ್ಕಿದ್ದರು. ಭುವನಾ ಕೆಂಪಾಗಿ, ನೆಲವನ್ನು ಇನ್ನೊಮ್ಮೆ ನೋಡಿ, ಸೀಟಿ ಊದಿದ್ದಳು.

ಹತ್ತು ನಿಮಿಷವೂ ಆಗಿರಲಿಲ್ಲ. ಬೇನಜೀರ ಚೆಂಡು ಹಿಡಿದು, ಒಂದು ಕಾಲು ಊರಿ ತಿರುಗಿದಳು. ಊರಿದ ಕಾಲೇ ನೆಲದ ಮೇಲಿಂದ ಹೊರಟು ಹೋಯಿತು. ಪಾದದ ಗಂಟಿನ ಬಳಿಯ ಎಲುಬು ಮುರಿದಿತ್ತು. ಬಿದ್ದಲ್ಲಿಂದ ಏಳಲಾಗದೆ, ಮುಖ ಬಿಳಿಚಿಕೊಂಡು, ಆ ಹುಡುಗಿ ಮಾಡಿದ ಮೊದಲ ಕೆಲಸ ಕೈ ಎತ್ತಿದ್ದು.

ಆ ಎತ್ತಿದ ಕೈ ಮೆಹನಾಜಳ ಕಣ್ಣ ಮುಂದಿನಿಂದ ಸರಿದಿರಲಿಲ್ಲ.

"ರೊಟ್ಟಿ ಹೊತ್ತೈತಿ ನೋಡು!" ಚಮನಬಿ ಕೂಗಿದಳು. ಮೆಹನಾಜ ಬರಿಗೈಯಿಂದಲೇ ಅದನ್ನು ಹಂಚಿನಿಂದ ಕಿತ್ತಳು.

ಜಹೀರ ಊಟಕ್ಕೆ ಬಂದು ಕೂತ. ಬದನೆಕಾಯಿ ಪಲ್ಯ, ರೊಟ್ಟಿ, ಮೊಸರು. ಒಳಕೋಣೆಯ ಬಾಗಿಲು ತೆರೆದೇ ಇತ್ತು. ಚೆಂಡಿನ ಸದ್ದು ನಿಂತಿತು.

"ಅಬ್ಬಾ," ಬೇನಜೀರ ಅಲ್ಲಿಂದಲೇ ಅಪ್ಪನನ್ನು ಕರೆದಳು. "ಟೀಚರ್ನ ಬಿಡಿಸಬ್ಯಾಡ್ರಿ. ತಪ್ಪು ನಂದೈತಿ. ತಿರುಗೂ ಮುಂದ ನಾ ಮೊಣಕಾಲ ಬಗ್ಗಿಸಿರಲಿಲ್ಲ."

"ನೀ ಸುಮ್ಮನಿರು ಬೇಟಾ. ನಿನಗ ತಿಳಿಯೂದಿಲ್ಲ."

"ನಂಗ ತಿಳೀತೈತಿ. ನಾನ ಬಿದ್ದಾಕಿ."

ಜಹೀರ ನಕ್ಕ. ಮಗಳ ಬಗ್ಗೆ ಅವನಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಸೋಮವಾರ ಮಾರುಕಟ್ಟೆಯ ದಿನ ಟೆಂಡರು ಬಿಟ್ಟು ಓಡಿಬಂದು, ಅವಳನ್ನು ಎತ್ತಿಕೊಂಡೇ ಹಾವೇರಿಯ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದ. ಕ್ಷ-ಕಿರಣದ ಕೋಣೆಯ ಹೊರಗೆ ನಿಂತು ಅತ್ತಿದ್ದ. ಆ ಅಳು ಸುಳ್ಳಾಗಿರಲಿಲ್ಲ. ಅದಕ್ಕೇ ಮೆಹನಾಜಳ ಸಿಟ್ಟು ಇಷ್ಟು ದಿನ ಎಲ್ಲಿ ಹೋಗಿ ನಿಲ್ಲಬೇಕೆಂದು ತಿಳಿಯದೆ ಮನೆತುಂಬ ಅಲೆದಾಡುತ್ತಿತ್ತು, ಪಾತ್ರೆಗಳ ಮೇಲೆ, ಕದಗಳ ಮೇಲೆ.

"ಬೀಜ ಇದ್ದವು," ಎಂದಳು ಅವಳು.

"ಯಾವ ಬೀಜ?"

"ನಿಮ್ಮವು."

ಚಮನಬಿಯ ಕೈಯಲ್ಲಿ ಬೆಳ್ಳುಳ್ಳಿ ನಿಂತಿತು. ಜಹೀರ ತುತ್ತು ನುಂಗಿದ, ನೀರು ಕುಡಿದ, ತಂಬಿಗೆಯನ್ನು ನಿಧಾನವಾಗಿ ಕೆಳಗಿಟ್ಟ.

"ಮಾಲು ಒಣಗಸೂದು ತಪ್ಪೇನು? ಆ ಮಾಲಿನ ಮ್ಯಾಲೇ ಈ ಮನಿ ನಿಂತೈತಿ. ನಾ ಎತ್ತಿಸಿ ಕೊಟ್ಟೇನಿ. ಆಮ್ಯಾಲ ಆಡಸೂದು, ಬಿಡೂದು ಆಕಿ ಜವಾಬ್ದಾರಿ."

"ಆಕಿ ಬ್ಯಾಡಂದ್ಲು."

"ಗೊತ್ತೈತಿ." ಅವನ ದನಿ ತಗ್ಗಿತು. ಅದು ಅಪರೂಪ. "ಯಾರು ಆಡಸ್ರಿ ಅಂದ್ರು ಅನ್ನೂದೂ ಗೊತ್ತೈತಿ. ಚಪ್ಪಲಿ ಬಿಟ್ಟು ನಡದು ತೋರಿಸಿದ್ದೂ ಗೊತ್ತೈತಿ. ಬೀಜ ಅಂತ ಮಾತು ಎದ್ರ ಮೊದಲು ನನ್ನ ಹೆಸರು ಬರತೈತಿ, ಅದರ ಹಿಂದ ನಿನ್ನ ಹೆಸರು. ಊರಾಗ ಏನಂತಾರ? ತಾಯೇ ಮಗಳ ಕಾಲು ಮುರದ್ಲು ಅಂತಾರ. ನಿನ್ನ ಹೆಸರು ಹೊರಗ ಬರಬಾರದು ಅಂತ ನಾ ಇಷ್ಟೆಲ್ಲಾ ಮಾಡಾಕತ್ತೇನಿ. ತಿಳೀತೇನು? ಆ ಮಾತು ಮನ್ಯಾಗ ಇರಲಿ."

ಮೆಹನಾಜಳಿಗೆ, ಯಾರೋ ತನ್ನನ್ನು ಕೇಳದೆ ತನ್ನ ಮೇಲೆ ಕಂಬಳಿ ಹೊಚ್ಚಿ, ಒಳಗೆ ಉಸಿರು ಕಟ್ಟುತ್ತಿದ್ದರೆ, ಬೆಚ್ಚಗಿದ್ದೀಯಲ್ಲ ಎಂದು ಕೇಳಿದಂತಿತ್ತು. ಅವನು ಕೈತೊಳೆದು, ಟೋಪಿ ಸರಿಮಾಡಿಕೊಂಡು, ಶುಕ್ರವಾರದ ನಮಾಜಿಗೆ ತಡವಾಯಿತೆಂದು ಹೊರಟುಹೋದ. ಬೈಕಿನ ಸದ್ದು ಓಣಿಯ ಕೊನೆಯಲ್ಲಿ ಕರಗಿತು.

ಚಮನಬಿ ಬೆಳ್ಳುಳ್ಳಿ ಸಿಪ್ಪೆಯನ್ನು ಊದುತ್ತ, "ಗಂಡಸು ಮುಚ್ಚಿ ಹಾಕತೇನಿ ಅಂದ್ರ ಮುಚ್ಚಿಸಿಕೊಂಡು ಕುಂದ್ರು. ಎಷ್ಟ ಮಂದಿಗೆ ಸಿಗತೈತಿ ಅದು?" ಎಂದಳು.

"ಆ ಹುಡುಗಿಗೆ ಯಾರು ಮುಚ್ಚತಾರಮ್ಮಾ?"

"ಆಕಿ ನಮ್ಮಾಕಿ ಏನು?"

ಮೆಹನಾಜ ಮಗಳ ಊಟದ ತಟ್ಟೆ ಎತ್ತಿಕೊಂಡು ಒಳಕೋಣೆಗೆ ಹೋದಳು. ಬೇನಜೀರ ಫೋನು ಕಿವಿಗೆ ಹಿಡಿದು ಏನನ್ನೋ ಕೇಳುತ್ತಿದ್ದಳು. ತಾಯಿಯನ್ನು ಕಂಡು ಫೋನನ್ನು ಅವಳತ್ತ ಚಾಚಿದಳು. ಭುವನಾ ಕಳಿಸಿದ್ದ ಧ್ವನಿ ಸಂದೇಶ. ಹಿಂದೆ ಬಸ್ಸಿನ ಗದ್ದಲ.

"ಬೇನಜೀರ, ಕುಂತಲ್ಲೆ ಎಡಗೈಲೆ ದಿನಾ ನೂರು. ಬೆರಳ ತುದೀಲೆ, ಅಂಗೈಲೆ ಅಲ್ಲ. ನೋವಾದ್ರ ನಿಲ್ಲಿಸು, ಶೂರತನ ಬ್ಯಾಡ. ಮತ್ತ ಗಣಿತ ಬಿಡಬ್ಯಾಡ, ಹೋದ ಸಲ ಮೂವತ್ತೊಂದು ತಗೊಂಡೀದಿ, ನಂಗ ನಾಚಿಕಿ ಆಗೈತಿ."

ರವಿವಾರ ತನ್ನನ್ನು ಹೊರಗೆ ಹಾಕುತ್ತಾರೆಂದು ಗೊತ್ತಿದ್ದವಳ ದನಿ ಅದು. ಗಣಿತದ ಅಂಕ ಕೇಳುತ್ತಿದೆ!

"ಅಮ್ಮಿ, ಮಾಲತೇಶಪ್ಪಾರು ಟೀಚರ್ನ ಕರೆಸಿ ಕೇಳಿದ್ರಂತ. ಯಾರರ ಹೇಳಿದ್ರೇನು ಆಡಸಂತ, ಅಂತ. ಟೀಚರ್ ನಿನ್ನ ಹೆಸರ ಹೇಳಿಲ್ಲಂತ. ಸೀಟಿ ಊದಿದಾಕಿ ನಾ, ತಪ್ಪು ನಂದ, ಅಂತ ಅಂದ್ಲಂತ." ಬೇನಜೀರ ಚೆಂಡನ್ನು ತೊಡೆಯ ಮೇಲೆ ತಿರುಗಿಸಿದಳು. ತಾಯಿಯ ಮುಖ ನೋಡಲಿಲ್ಲ. "ನಾನೂ ಯಾರಿಗೂ ಹೇಳಿಲ್ಲ ಅಮ್ಮಿ."

ಮಗಳ ಆ ಕೊನೆಯ ಮಾತು ಮೆಹನಾಜಳನ್ನು ಕೆನ್ನೆಗೆ ಬಾರಿಸಿದಂತೆ ಬಡಿಯಿತು. ಎರಡು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ಈ ಹುಡುಗಿ ಕಲಿತದ್ದನ್ನು, ತಾನು ನಾಲ್ಕು ದಿನದಲ್ಲಿ ಮರೆಸುತ್ತಿದ್ದಾಳೆ. ಮುಚ್ಚುವುದನ್ನು ಕಲಿಸುತ್ತಿದ್ದಾಳೆ. ಬಿದ್ದವಳು ಕೈ ಎತ್ತಿದಳು, ಬೇಡವೆಂದವಳು ಕೈ ಎತ್ತಿದಳು. ಹರವಿದವನು ಎತ್ತಲಿಲ್ಲ. ನಡೆದು ತೋರಿಸಿದವಳು ರೊಟ್ಟಿ ಬಡಿಯುತ್ತಿದ್ದಾಳೆ.

ಅವಳು ಬಾಗಿಲ ಹಿಂದಿನಿಂದ ಬೇನಜೀರಳ ಬೂಟು ತೆಗೆದುಕೊಂಡಳು. ಬುರ್ಖಾ ಹಾಕಿಕೊಂಡು, ಗೋಡೆಯ ಮೊಳೆಯಿಂದ ಗೇಟಿನ ಕೀಲಿ ತೆಗೆದಳು.

"ಈ ಬಿಸಲಾಗ ಎಲ್ಲಿಗೆ?" ಚಮನಬಿ ಕೇಳಿದಳು.

"ಬರತೇನಮ್ಮಾ, ಲಗೂ ಬರತೇನಿ."

ಮೈದಾನ ಖಾಲಿ ಇತ್ತು. ಮಂಗಳವಾರದಿಂದ ಯಾರೂ ಆಡಿರಲಿಲ್ಲ, ಯಾರೂ ತೊಳೆದಿರಲಿಲ್ಲ. ಗಾಳಿಯಲ್ಲಿ ಇನ್ನೂ ಘಾಟು ಇತ್ತು. ಈ ತಿಂಗಳಲ್ಲಿ ಊರಿಗೆ ಊರೇ ಹಾಗಿರುತ್ತದೆ. ಮೆಹನಾಜ ಕಲ್ಲಿನ ಕಟ್ಟೆಯ ಮೇಲೆ ಕೂತು ಚಪ್ಪಲಿ ಬಿಟ್ಟು ಮಗಳ ಬೂಟು ಹಾಕಿಕೊಂಡಳು. ಸ್ವಲ್ಪ ಬಿಗಿಯಾದರೂ ಕಾಲು ಹಿಡಿಯಿತು. ನಲವತ್ತೊಂದು ವರ್ಷದಲ್ಲಿ ಅವಳು ಕಟ್ಟುವ ಬೂಟು ಹಾಕಿದ್ದು ಇದೇ ಮೊದಲು. ಲೇಸು ಕಟ್ಟಲು ಎರಡು ಸಲ ತಪ್ಪಿದಳು.

ಬಳೆಯ ಕೆಳಗೆ ಹೋಗಿ ನಿಂತಳು. ಮಗಳು ಅಂಗಳದಲ್ಲಿ ಸಾವಿರ ಸಲ ಮಾಡುವುದನ್ನು ನೋಡಿದ್ದಳು: ಒಂದು ಕಾಲು ಊರಬೇಕು, ಅದು ನೆಲ ಬಿಡಬಾರದು, ಇನ್ನೊಂದು ಕಾಲು ಸುತ್ತಬೇಕು. ಊರಿದಳು. ಸುತ್ತಿದಳು.

ಅಂಗಾಲಿನ ಕೆಳಗೆ ಏನೋ ಸಣ್ಣಗೆ ಹೊರಳಿತು. ಬರಿಗಾಲಿಗೆ ಎಂದೂ ತಿಳಿಯದಿದ್ದದ್ದು. ಬರಿಗಾಲಿನ ಚರ್ಮ ಬೀಜವನ್ನು ಹಿಡಿದುಕೊಳ್ಳುತ್ತಿತ್ತು, ರಬ್ಬರು ಅದನ್ನು ಚಕ್ರ ಮಾಡಿಕೊಂಡಿತು. ಕಾಲು ಸರ್ರನೆ ಹೋಯಿತು. ಮೆಹನಾಜ ಕಂಬ ಅಪ್ಪಿಕೊಂಡು ಉಳಿದಳು. ಆ ದಿನ ಭುವನಾ ಹೇಳಲು ಹೊರಟಿದ್ದ ಮಾತು ಇಷ್ಟೇ: ಕಾಲಿಗೆ ಅಲ್ಲ, ಬೂಟಿಗೆ. ಅಷ್ಟನ್ನು ಮುಗಿಸಲು ತಾನು ಬಿಡಲಿಲ್ಲ. ಹತ್ತು ಹುಡುಗಿಯರ ಮುಂದೆ ಅವಳ ಊರು ಎತ್ತಿ ಹಂಗಿಸಿದಳು, ಅವರು ನಕ್ಕರು.

ಕಂಬ ಹಿಡಿದೇ ಅವಳು ಮೇಲೆ ನೋಡಿದಳು. ಬಿಸಿಲಿಗೆ ಗಂಡನ ಹೆಸರಿನ ಕೆಂಪು ಇನ್ನೂ ಮಾಸಿರಲಿಲ್ಲ. ಇಷ್ಟು ದಿನ ಮನೆತುಂಬ ಅಲೆದ ಸಿಟ್ಟು ಅಲ್ಲಿಗೆ ಹೋಗಿ ನಿಲ್ಲುತ್ತದೆಂದುಕೊಂಡಿದ್ದಳು. ನಿಂತಿತು, ನಿಜ. ಆದರೆ ಅರ್ಧವಷ್ಟೇ. ಉಳಿದರ್ಧ ಬೂಟಿನೊಳಗೆ, ತನ್ನ ಕಾಲಲ್ಲೇ ಇತ್ತು.

ಶಾಲೆಯ ಬಚ್ಚಲಿನಿಂದ ಬಕೆಟು ತಂದಳು. ಹನ್ನೊಂದು ಬಕೆಟು ನೀರು ಹೊಡೆದು, ಗಟ್ಟಿ ಪೊರಕೆಯಿಂದ ಉಜ್ಜಿ ಉಜ್ಜಿ ತಳ್ಳಿದಳು. ಬುರ್ಖಾದ ಅಂಚು ಒದ್ದೆಯಾಯಿತು. ಬೀಜಗಳು ನೀರಿನ ಜೊತೆ ಗಟಾರಿನತ್ತ ಹೋದವು. ಮತ್ತೆ ಬೂಟಿನಲ್ಲಿ ಊರಿ ತಿರುಗಿ ನೋಡಿದಳು. ಸಿಮೆಂಟು ಹಿಡಿಯಿತು.

ಮನೆಗೆ ಬಂದಾಗ ಜಹೀರ ಇರಲಿಲ್ಲ. ಫೋನಿನಲ್ಲಿ ಶಾಲೆಯಿಂದ ಪಾಲಕರಿಗೆಲ್ಲ ಕಳಿಸಿದ ಸಂದೇಶ ಬಂದಿತ್ತು: ರವಿವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ, ಆಸಕ್ತ ಪಾಲಕರು ಬರಬಹುದು. ಎರಡು ವರ್ಷದಲ್ಲಿ ಇಂಥ ಎಷ್ಟೋ ಸಂದೇಶಗಳು ಬಂದಿದ್ದವು. ಉಪಾಧ್ಯಕ್ಷರ ಹೆಂಡತಿಯೆಂದು ಅವಳು ಯಾವ ಸಭೆಗೂ ಹೋಗಿರಲಿಲ್ಲ. ಮನೆಯಿಂದ ಒಬ್ಬರು ಸಾಕಲ್ಲ ಎಂದು ಜಹೀರ ಅನ್ನುತ್ತಿದ್ದ.

ಅವಳು ಸಂದೇಶವನ್ನು ಇನ್ನೊಮ್ಮೆ ಓದಿದಳು. ಹನ್ನೊಂದು ಗಂಟೆ. ಅವನು ಮೇಜಿನ ಆಚೆ ಕೂತಿರುತ್ತಾನೆ, ಮಾಲತೇಶಪ್ಪನವರ ಪಕ್ಕದಲ್ಲಿ. ಭುವನಾ ಒಂದು ಮೂಲೆಯಲ್ಲಿ ನಿಂತಿರುತ್ತಾಳೆ. ಎತ್ತಿದ ಕೈ ಕಾಣದಂಥ ಹಿಂದಿನ ಸಾಲಿನಲ್ಲಿ ತಾನು ಕೂರುವುದಿಲ್ಲ.

ಬೇನಜೀರ ಮಲಗಿದ್ದಳು, ಒಂದು ಕೈ ಚೆಂಡಿನ ಮೇಲೆ. ಮೆಹನಾಜ ಬೂಟಿನ ತಳವನ್ನು ಹಸಿ ಬಟ್ಟೆಯಿಂದ ಒರೆಸಿ, ಲೇಸು ಒಳಗೆ ಮಡಚಿ, ಮಂಚದ ಕೆಳಗೆ ಜೋಡಿಸಿಟ್ಟಳು. ಕೀಲಿಯನ್ನು ಮೊಳೆಗೆ ಹಾಕಿದಳು.

"ಐತ್ವಾರ ನನ್ನ ತವರಿನವರು ಬರತಾರಂತ," ಚಮನಬಿ ಅಡುಗೆಮನೆಯಿಂದ ಕೇಳಿದಳು. "ಏನ್ ಅಡಗಿ ಮಾಡ್ತಿ?"

"ಬಿರಿಯಾನಿ ಮಾಡತೇನಮ್ಮಾ. ಹತ್ತರೊಳಗ ಮುಗಿಸಿ ಇಡತೇನಿ."

"ಅಷ್ಟ ಲಗೂ ಯಾಕ?"

"ಸುಮ್ಮನ," ಎಂದಳು ಮೆಹನಾಜ, ಸೋಮವಾರದಿಂದ ಮೊದಲ ಸಲ ಅವಸರವಿಲ್ಲದ ದನಿಯಲ್ಲಿ. ಸುಟ್ಟ ಬೆರಳನ್ನು ತಣ್ಣೀರಿನಲ್ಲಿ ಅದ್ದಿ ನಿಂತಳು.